ಅರ್ಧ ನೆನಪಿನ ವಚನವನ್ನು ಹುಡುಕುವ ಬಗೆ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಕಾಫಿ ತೋಟವಿದೆ. ಅಲ್ಲಿ ಕೆಲಸಗಾರರು ವಾಸಿಸುವ ಲೈನ್ ಮನೆಯೊಂದರಲ್ಲಿ ತಿಂಗಳಿಗೊಮ್ಮೆ ಪ್ರಾರ್ಥನಾ ಕೂಟ ನಡೆಯುತ್ತದೆ. ಕಳೆದ ಕೊಯ್ಲಿನ ಕಾಲದಲ್ಲಿ, ಕೂಟ ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ, ಹಿರಿಯ ಹೆಂಗಸೊಬ್ಬರು ನನ್ನ ಪಕ್ಕದಲ್ಲಿ ಬಂದು ಕುಳಿತರು. ದಿನವಿಡೀ ಹಣ್ಣು ಬಿಡಿಸಿದ ಕೈ. ಬೆರಳ ತುದಿಗಳು ಕಪ್ಪುಗಟ್ಟಿದ್ದವು. "ಹದ್ದಿನ ಹಾಗೆ ರೆಕ್ಕೆ ಬರುತ್ತದೆ, ಎಷ್ಟು ನಡೆದರೂ ಸುಸ್ತಾಗುವುದಿಲ್ಲ ಎಂದು ಒಂದು ವಾಕ್ಯ ಇದೆಯಲ್ಲ, ಅದನ್ನು ಒಮ್ಮೆ ಓದಿ" ಎಂದರು.

ಬೈಬಲ್ಲಿನ ಆ ವಚನ ನನಗೂ ಗೊತ್ತಿತ್ತು. ಎಲ್ಲಿದೆ ಎಂಬುದು ಮಾತ್ರ ಆ ಗಳಿಗೆಗೆ ಹೊಳೆಯಲಿಲ್ಲ. ಮೊಬೈಲ್ ತೆಗೆದು ಸತ್ಯವೇದದ ಆ್ಯಪ್‌ನ ಹುಡುಕುವ ಜಾಗದಲ್ಲಿ "ಹದ್ದಿನ ಹಾಗೆ" ಎಂದು ಬರೆದೆ. ಏನೂ ಬರಲಿಲ್ಲ. "ಸುಸ್ತು" ಎಂದು ಬರೆದೆ. ಅದಕ್ಕೂ ಏನೂ ಇಲ್ಲ. ಆಕೆ ತಾಳ್ಮೆಯಿಂದ ಕಾಯುತ್ತಿದ್ದರು. ಪುಸ್ತಕದಲ್ಲಿ ಖಂಡಿತವಾಗಿ ಇರುವ ಮಾತನ್ನು ಯಂತ್ರ ಇಲ್ಲ ಎನ್ನುತ್ತಿತ್ತು.

ಇದು ಆ ಆ್ಯಪ್‌ನ ದೋಷವಲ್ಲ, ನಾನು ಕೇಳಿದ ರೀತಿಯ ದೋಷ. ಬೈಬಲ್ ಅಧ್ಯಯನದ ತಂತ್ರಾಂಶಕ್ಕೆ ನಾವು ಹಾಕುವ ಪ್ರಶ್ನೆ ಮೂರು ಬಗೆಯದು. ಈ ವಿಳಾಸದಲ್ಲಿ ಏನಿದೆ? ಈ ಪದ ಎಲ್ಲೆಲ್ಲಿದೆ? ಈ ವಚನಕ್ಕೆ ನಂಟಿರುವ ಬೇರೆ ವಚನಗಳು ಯಾವುವು? ಮೂರಕ್ಕೂ ಯಂತ್ರ ಬೇರೆ ಬೇರೆ ರೀತಿಯಲ್ಲಿ ಉತ್ತರ ಕೊಡುತ್ತದೆ. ಯಾವ ಪ್ರಶ್ನೆ ಕೇಳುತ್ತಿದ್ದೇವೆ ಎಂದು ನಮಗೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ ಕನ್ನಡದ ವಿಭಕ್ತಿ ಮತ್ತು ಸಂಧಿಗೆ ಸೇರಿದ್ದು. ಹೈಸ್ಕೂಲಿನಲ್ಲಿ ಕಲಿತು ಮರೆತ ವ್ಯಾಕರಣ ಇಲ್ಲಿ ಕೈಹಿಡಿಯುತ್ತದೆ.

ವಿಳಾಸದಿಂದ ಹೋಗುವುದು

"ಯೋಹಾನ 3:16" ಎಂಬುದು ಅಂಚೆ ವಿಳಾಸದಂತೆ. ಪುಸ್ತಕ, ಅಧ್ಯಾಯ, ವಚನ. ಈ ವಿಳಾಸಗಳು ಗ್ರಂಥದ ಜೊತೆಗೇ ಹುಟ್ಟಿದವಲ್ಲ. ಇಂದು ನಾವು ಬಳಸುವ ಅಧ್ಯಾಯ ವಿಭಾಗವನ್ನು 13ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಮಾಡಿದರೆಂದು ಹೇಳಲಾಗುತ್ತದೆ. ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಗೆ ವಚನಗಳ ಸಂಖ್ಯೆಯನ್ನು ಕೊಟ್ಟವನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ. 1551ರಲ್ಲಿ ಅಚ್ಚಾದ ಗ್ರೀಕ್ ಆವೃತ್ತಿಯಲ್ಲಿ. ಅಂದರೆ ಪೌಲನು ಅದರಲ್ಲಿರುವ ಪತ್ರಗಳನ್ನು ಬರೆದು ಸುಮಾರು 1500 ವರ್ಷಗಳಾದ ಮೇಲೆ ಬಂದ ಸಂಖ್ಯೆಗಳಿವು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಆರಂಭದಲ್ಲಿ ಕನ್ನಡಕ್ಕೆ ಅನುವಾದ ಮಾಡಲು ಕುಳಿತಾಗ ಈ ವಿಳಾಸಗಳು ಆಗಲೇ ಲೋಕವೆಲ್ಲ ಒಪ್ಪಿದ ಲೆಕ್ಕವಾಗಿದ್ದವು.

ತಂತ್ರಾಂಶದ ಒಳಗೆ ಈ ವಿಳಾಸ ಬರಿಯ ಅಂಕಿಯಾಗುತ್ತದೆ. ಒಂದು ಸಾಮಾನ್ಯ ಪದ್ಧತಿಯಲ್ಲಿ ಯೋಹಾನ 3:16 ಎಂಬುದು 43003016. ಪ್ರೊಟೆಸ್ಟೆಂಟರ 66 ಪುಸ್ತಕಗಳ ಸಾಲಿನಲ್ಲಿ ಯೋಹಾನನ ಸುವಾರ್ತೆ 43ನೆಯದು. ಮುಂದಿನ ಮೂರು ಅಂಕಿ ಅಧ್ಯಾಯ, ಕೊನೆಯ ಮೂರು ವಚನ. ಕನ್ನಡ, ಇಂಗ್ಲಿಷ್, ಗ್ರೀಕ್ ಮೂರನ್ನೂ ಅಕ್ಕಪಕ್ಕ ತೆರೆದು ಒಂದನ್ನು ಸರಿಸಿದರೆ ಉಳಿದೆರಡೂ ತಾವಾಗಿ ಸರಿಯುವುದು ಈ ಸಂಖ್ಯೆಯಿಂದಲೇ. ಯಂತ್ರಕ್ಕೆ ಮೂರು ಭಾಷೆಯೂ ಗೊತ್ತಿಲ್ಲ, ಅಂಕಿ ಗೊತ್ತು.

ಆದ್ದರಿಂದ ಪುಸ್ತಕದ ಹೆಸರನ್ನು ಆ ಅಂಕಿಗೆ ಹೊಂದಿಸುವ ಹಂತದಲ್ಲಿಯೇ ಹೆಚ್ಚಿನ ತೊಡಕು. ಕನ್ನಡದಲ್ಲಿ "ಯೋ" ಎಂದು ಬರೆದು ನಿಲ್ಲಿಸಿ ನೋಡಿ: ಯೋಬ, ಯೋವೇಲ, ಯೋನ, ಯೋಹಾನ ಎಲ್ಲವೂ ಸಾಲಾಗಿ ಬರುತ್ತವೆ. "ಯೆ" ಎಂದರೆ ಯೆಹೋಶುವ, ಯೆಶಾಯ, ಯೆರೆಮೀಯ, ಯೆಹೆಜ್ಕೇಲ. ಆತುರದಲ್ಲಿ ಮೊದಲು ಕಂಡದ್ದನ್ನು ಒತ್ತಿದರೆ ಪ್ರವಾದಿಯ ಬದಲು ಸೇನಾನಿಯ ಮನೆ ಸೇರುತ್ತೀರಿ. ಈ ಎಂಟು ಪುಸ್ತಕಗಳಿಗೆ ಎರಡನೆಯ ಅಕ್ಷರದವರೆಗಾದರೂ ಬರೆಯುವುದು ಒಳ್ಳೆಯ ಅಭ್ಯಾಸ.

ಕ್ಯಾಥೋಲಿಕ್ ಅನುವಾದವನ್ನು ಬಳಸುವವರಿಗೆ ಇನ್ನೊಂದು ತೊಡಕಿದೆ. ಅಲ್ಲಿ ಯೋಹಾನನಿಲ್ಲ, ಯೊವಾನ್ನನಿದ್ದಾನೆ. ಪುಸ್ತಕಗಳೂ 66 ಅಲ್ಲ, 73. ನಮ್ಮ ಜಿಲ್ಲೆಗಳಲ್ಲಿ ಇದು ದಿನನಿತ್ಯದ ಸಂಗತಿ. ಚಿಕ್ಕಮಗಳೂರು ಮತ್ತು ಹಾಸನ ಎರಡೂ ಸೇರಿ ಒಂದೇ ಕ್ಯಾಥೋಲಿಕ್ ಧರ್ಮಪ್ರಾಂತ್ಯ, ಅದೇ ಊರುಗಳಲ್ಲಿ ಪ್ರೊಟೆಸ್ಟೆಂಟ್ ಸಭೆಗಳೂ ಇವೆ. ಒಂದೇ ಮನೆಯಲ್ಲಿ ಅತ್ತೆಯ ಬೈಬಲ್ ಒಂದು, ಸೊಸೆಯ ಬೈಬಲ್ ಇನ್ನೊಂದು ಇರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಒಬ್ಬರು ಕಳುಹಿಸಿದ ವಿಳಾಸವನ್ನು ಇನ್ನೊಬ್ಬರ ಮೊಬೈಲ್ ಗುರುತಿಸದಿದ್ದರೆ ಮೊದಲು ಹೆಸರಿನ ಕಾಗುಣಿತವನ್ನು ನೋಡಬೇಕು.

ಹೆಸರಿನ ಮುಂದಿನ ಅಂಕಿಯನ್ನೂ ನೋಡಬೇಕು. ಯೋಹಾನ 3:16 ಬೇರೆ, 1 ಯೋಹಾನ 3:16 ಬೇರೆ. ಮೊದಲನೆಯದು ದೇವರು ತನ್ನ ಒಬ್ಬನೇ ಮಗನನ್ನು ಕೊಟ್ಟ ವಿಷಯ. ಎರಡನೆಯದು ಆತನು ನಮಗೋಸ್ಕರ ಪ್ರಾಣ ಕೊಟ್ಟದ್ದರಿಂದ ನಾವೂ ಸಹೋದರರಿಗಾಗಿ ಪ್ರಾಣ ಕೊಡಬೇಕೆಂಬುದು. ಎರಡೂ ಪ್ರೀತಿಯ ಮಾತೇ ಆದ್ದರಿಂದ ತಪ್ಪಿ ತೆರೆದವರಿಗೆ ತಪ್ಪಿದೆ ಎಂದು ಗೊತ್ತಾಗುವುದೇ ಇಲ್ಲ.

ಒಂದೇ ಅಧ್ಯಾಯವಿರುವ ಐದು ಪುಸ್ತಕಗಳಿವೆ: ಓಬದ್ಯ, ಫಿಲೆಮೋನ, 2 ಯೋಹಾನ, 3 ಯೋಹಾನ, ಯೂದ. ಮುದ್ರಿತ ಟಿಪ್ಪಣಿಗಳಲ್ಲಿ "ಯೂದ 5" ಎಂದಷ್ಟೇ ಇರುತ್ತದೆ; ಅದು ಐದನೆಯ ವಚನ. ಕೆಲವು ತಂತ್ರಾಂಶಗಳು ಅದನ್ನು ಐದನೆಯ ಅಧ್ಯಾಯವೆಂದು ತಿಳಿದು, ಅಂಥದ್ದು ಇಲ್ಲ ಎಂದು ಹೇಳುತ್ತವೆ. "ಯೂದ 1:5" ಎಂದು ಬರೆದರೆ ಎಲ್ಲ ಕಡೆ ಸಲ್ಲುತ್ತದೆ. ಹಾಗೆಯೇ ಕನ್ನಡ ಅಂಕಿಗಳಲ್ಲಿ ೩:೧೬ ಎಂದು ಬರೆದರೆ ಎಲ್ಲ ಆ್ಯಪ್‌ಗಳೂ ಓದುವುದಿಲ್ಲ. ನನಗೆ ನಮ್ಮ ಅಂಕಿಗಳ ಮೇಲೆ ಪ್ರೀತಿ ಇದೆ, ಆದರೂ ಹುಡುಕುವ ಪೆಟ್ಟಿಗೆಯಲ್ಲಿ 3:16 ಎಂದೇ ಬರೆಯುತ್ತೇನೆ.

ಬಿಡಿ ವಚನಕ್ಕಿಂತ ವಾಕ್ಯಭಾಗವನ್ನು ತೆರೆಯುವಾಗ ಗೆರೆ, ಅಲ್ಪವಿರಾಮ, ಅರ್ಧವಿರಾಮಗಳ ಅರ್ಥವನ್ನು ತಿಳಿದಿರಬೇಕು. "ಮತ್ತಾಯ 5:3-12" ಎಂದರೆ ಒಂದೇ ಅಧ್ಯಾಯದ ಹತ್ತು ವಚನ. "ಮತ್ತಾಯ 5:1-7:29" ಎಂದರೆ ಬೆಟ್ಟದ ಮೇಲಿನ ಪ್ರಸಂಗದ ಮೂರು ಅಧ್ಯಾಯ. "ಮತ್ತಾಯ 5-7" ಎಂದರೂ ಅದೇ. "ರೋಮಾಪುರದವರಿಗೆ 3:23; 6:23" ಎಂಬಲ್ಲಿ ಅರ್ಧವಿರಾಮ ಬಂದೊಡನೆ ಮುಂದಿನ ಅಂಕಿ ಹೊಸ ಅಧ್ಯಾಯ. ಅದೇ ಜಾಗದಲ್ಲಿ ಅಲ್ಪವಿರಾಮವಿದ್ದರೆ, "3:23, 25" ಎಂಬಂತೆ, ಮುಂದಿನ ಅಂಕಿ ಅದೇ ಅಧ್ಯಾಯದ ಇನ್ನೊಂದು ವಚನ. ಇಷ್ಟು ಸಣ್ಣ ಚಿಹ್ನೆ ತಪ್ಪಿದರೂ ಬೇರೆಯೇ ಪುಟ ತೆರೆದುಕೊಳ್ಳುತ್ತದೆ.

ವಿಳಾಸ ಸರಿಯಿದ್ದರೂ ಮನೆ ಬೇರೆಯಾದಾಗ

ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿಗೆ ಸೇರಿತು. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನಡೆದೇ ಒಳಗೆ ಹೋಗಬಹುದು. ಊರಿನವರು ಬೇರೆ ಕಡೆ ನೆಲೆಸಿದರು. ಊರಿನ ಹೆಸರು ಹಿಡಿದು ಹೊರಟವರು ಯಾವ ಕಾಲದ ಊರು ಎಂದು ಕೇಳಿಕೊಳ್ಳಬೇಕಾಯಿತು.

ಕೀರ್ತನೆಗಳ ಸಂಖ್ಯೆಯೂ ಹೀಗೆಯೇ. ಹೀಬ್ರೂ ಮೂಲಪಾಠದಲ್ಲಿ 9 ಮತ್ತು 10 ಎಂದು ಎರಡಾಗಿರುವ ಕೀರ್ತನೆಗಳನ್ನು ಪ್ರಾಚೀನ ಗ್ರೀಕ್ ಅನುವಾದ ಒಂದೇ ಎಂದು ಎಣಿಸಿತು. ಲ್ಯಾಟಿನ್ ಅದನ್ನೇ ಅನುಸರಿಸಿತು. ಅಲ್ಲಿಂದ ಮುಂದೆ ಬಹುಪಾಲು ಕೀರ್ತನೆಗಳ ಸಂಖ್ಯೆ ಒಂದು ಕಡಿಮೆಯಾಗಿ ಸಾಗುತ್ತದೆ; 114 ಮತ್ತು 115 ಅಲ್ಲಿ ಮತ್ತೆ ಒಂದಾಗಿ, 116 ಮತ್ತು 147 ಎರಡೆರಡಾಗಿ ಒಡೆಯುವುದರಿಂದ ಕೊನೆಗೆ ಎರಡೂ ಕಡೆ 150 ಆಗುತ್ತದೆ. ನಾವು 23ನೆಯ ಕೀರ್ತನೆ ಎನ್ನುವ "ಯೆಹೋವನು ನನಗೆ ಕುರುಬನು" ಲ್ಯಾಟಿನ್ ಎಣಿಕೆಯಲ್ಲಿ 22. ದಾವೀದನ ಪಶ್ಚಾತ್ತಾಪದ 51ನೆಯ ಕೀರ್ತನೆ ಅಲ್ಲಿ 50. ಅಜ್ಜನ ಕಾಲದ ಲ್ಯಾಟಿನ್ ಪ್ರಾರ್ಥನಾ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿರುವ ಮನೆಯವರು ಅದರ ಸಂಖ್ಯೆಯನ್ನೇ ಮೊಬೈಲ್‌ನಲ್ಲಿ ಹಾಕಿ, ಬಂದದ್ದು ಬೇರೆ ಕೀರ್ತನೆ ಎಂದು ಗಾಬರಿಯಾದರೆ ಕಾರಣ ಇದು. ಪುಸ್ತಕವೂ ತಪ್ಪಿಲ್ಲ, ಮೊಬೈಲೂ ತಪ್ಪಿಲ್ಲ.

ವಚನದ ಮಟ್ಟದಲ್ಲಿಯೂ ಹೀಗಾಗುತ್ತದೆ. ಹೀಬ್ರೂ ಬೈಬಲ್ ಕೀರ್ತನೆಯ ಶೀರ್ಷಿಕೆಯನ್ನೂ ವಚನವಾಗಿ ಎಣಿಸುತ್ತದೆ. 51ನೆಯ ಕೀರ್ತನೆಗೆ ಉದ್ದದ ಶೀರ್ಷಿಕೆ ಇರುವುದರಿಂದ ನಮ್ಮ ಮೊದಲನೆಯ ವಚನ ಅಲ್ಲಿ ಮೂರನೆಯದು. ಯೋವೇಲನ ಪುಸ್ತಕ ಇಂಗ್ಲಿಷಿನ ಕಿಂಗ್ ಜೇಮ್ಸ್ ಆವೃತ್ತಿಯಲ್ಲಿ ಮೂರು ಅಧ್ಯಾಯ, ಹೀಬ್ರೂವಿನಲ್ಲಿ ನಾಲ್ಕು; ಮಲಾಕಿಯನದು ತಿರುಗುಮುರುಗು, ನಾಲ್ಕು ಮತ್ತು ಮೂರು. ಪಂಚಾಶತ್ತಮವೆಂಬ ಹಬ್ಬದ ದಿನ ಯೇಸುವಿನ ಶಿಷ್ಯ ಪೇತ್ರನು ಎತ್ತಿ ಹೇಳಿದ, ಎಲ್ಲ ಮನುಷ್ಯರ ಮೇಲೆ ಆತ್ಮವನ್ನು ಸುರಿಸುವ ವಾಗ್ದಾನ ಒಂದು ಎಣಿಕೆಯಲ್ಲಿ ಯೋವೇಲ 2:28, ಇನ್ನೊಂದರಲ್ಲಿ 3:1. ಒಳ್ಳೆಯ ತಂತ್ರಾಂಶ ಈ ಎರಡು ಎಣಿಕೆಗಳ ನಡುವೆ ಹೊಂದಾಣಿಕೆಯ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಪಟ್ಟಿ ಇಲ್ಲದ ತಂತ್ರಾಂಶದಲ್ಲಿ ಕನ್ನಡವನ್ನೂ ಹೀಬ್ರೂವನ್ನೂ ಅಕ್ಕಪಕ್ಕ ಇಟ್ಟರೆ ಒಂದೊಂದು ಕಡೆ ಒಂದೊಂದು ಸಾಲು ಕಾಣುತ್ತದೆ.

ಇನ್ನು ಕೆಲವು ಕಡೆ ಸಂಖ್ಯೆಯೇ ಹಾರಿಹೋಗಿರುತ್ತದೆ. ಹೊಸ ಇಂಗ್ಲಿಷ್ ಅನುವಾದಗಳಲ್ಲಿ ಅಪೊಸ್ತಲರ ಕೃತ್ಯಗಳು 8:36 ಆದ ಮೇಲೆ ನೇರವಾಗಿ 38 ಬರುವುದುಂಟು. ಹಳೆಯ ಹಸ್ತಪ್ರತಿಗಳಲ್ಲಿ 37ನೆಯ ವಚನ ಇಲ್ಲದ್ದರಿಂದ ಅದನ್ನು ಅಡಿಟಿಪ್ಪಣಿಗೆ ಇಳಿಸಿದ್ದಾರೆ. ಡೌನ್‌ಲೋಡ್ ಸರಿಯಾಗಲಿಲ್ಲವೆಂದು ಆ್ಯಪನ್ನು ಅಳಿಸಿ ಮತ್ತೆ ಹಾಕಿಕೊಳ್ಳುವ ಅಗತ್ಯವಿಲ್ಲ.

ಪದದಿಂದ ಹೋಗುವುದು

ಈಗ ಹದ್ದಿನ ವಿಷಯಕ್ಕೆ ಬರುತ್ತೇನೆ. ವಿಳಾಸ ಗೊತ್ತಿಲ್ಲದಾಗ ಉಳಿಯುವುದು ಪದ. ಇಂಗ್ಲಿಷಿನಲ್ಲಿ ಒಂದು ಪದ ಬಹುಮಟ್ಟಿಗೆ ಒಂದೇ ರೂಪದಲ್ಲಿ ಇರುತ್ತದೆ. ಕನ್ನಡದಲ್ಲಿ ಹದ್ದು, ಹದ್ದನ್ನು, ಹದ್ದಿಗೆ, ಹದ್ದಿನ, ಹದ್ದುಗಳು, ಹದ್ದುಗಳಂತೆ. ಎಲ್ಲವೂ ಒಂದೇ ಹಕ್ಕಿ, ಯಂತ್ರಕ್ಕೆ ಮಾತ್ರ ಆರು ಬೇರೆ ಪದ. ನಾನು ಕೇಳಿದ್ದು "ಹದ್ದಿನ ಹಾಗೆ". ಪುಸ್ತಕದಲ್ಲಿ ಇದ್ದದ್ದು "ಹದ್ದುಗಳಂತೆ". ಆಕೆಯ ನೆನಪಿನಲ್ಲಿ "ಸುಸ್ತು", ಹಳೆಯ ಅನುವಾದದಲ್ಲಿ "ದಣಿಯರು", "ಬಳಲರು". ನೆನಪು ಇಂದಿನ ಮಾತಿನಲ್ಲಿರುತ್ತದೆ, ಪುಸ್ತಕ ಹಿಂದಿನ ಮಾತಿನಲ್ಲಿರುತ್ತದೆ. ನಾವು "ಜೊತೆ" ಎನ್ನುತ್ತೇವೆ, ಅದು "ಸಂಗಡ" ಎನ್ನುತ್ತದೆ.

ಉಪಾಯ ಇಷ್ಟು: ಪದದ ಬಾಲವನ್ನು ಕತ್ತರಿಸಿ. "ಹದ್ದ" ಎಂದಷ್ಟೇ ಬರೆಯಿರಿ. ಅದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನಮ್ಮ ಕಣ್ಣಿಗೆ "ದ್ದು" ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅದು ನಾಲ್ಕು ತುಂಡು: ದ, ಹಲಂತದ ಚಿಹ್ನೆ, ಮತ್ತೊಂದು ದ, ಕೊನೆಗೆ ಉಕಾರದ ಕೊಂಬು. "ಹದ್ದ" ಎಂದು ಬರೆದಾಗ ಕೊಂಬಿನ ಹಿಂದೆಯೇ ನಿಂತಿರುತ್ತೇವೆ. ಮುಂದೆ ಕೊಂಬು ಬರಲಿ, ಗುಡಿಸು ಬರಲಿ, ಏನೂ ಬಾರದಿರಲಿ, ಮೊದಲಿನ ತುಂಡುಗಳು ಹೊಂದುತ್ತವೆ. ಹಾಗೆಯೇ "ದೇವರ" ಎಂದರೆ ದೇವರು, ದೇವರನ್ನು, ದೇವರಿಗೆ, ದೇವರಿಂದ ಎಲ್ಲವೂ ಬರುತ್ತವೆ. "ದೇವರು" ಎಂದು ಪೂರ್ತಿ ಬರೆದರೆ ಪ್ರಥಮಾ ವಿಭಕ್ತಿ ಬಿಟ್ಟು ಬೇರೆ ಯಾವುದೂ ಬರುವುದಿಲ್ಲ.

ಕೆಲವು ತಂತ್ರಾಂಶಗಳು ಪೂರ್ತಿ ಪದ ಹೊಂದಿದರೆ ಮಾತ್ರ ಒಪ್ಪುತ್ತವೆ. ಅಂಥವುಗಳಲ್ಲಿ ತುಂಡು ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಬೇಕು: "ಹದ್ದ*". ಇಲ್ಲವೇ ಹುಡುಕಾಟದ ಆಯ್ಕೆಗಳಲ್ಲಿ ಪೂರ್ತಿ ಪದ ಎಂಬುದನ್ನು ತೆಗೆದು ಭಾಗಶಃ ಪದ ಎಂಬುದನ್ನು ಆರಿಸಬೇಕು. ನನ್ನ ಅನುಭವದಲ್ಲಿ, ಕನ್ನಡದಲ್ಲಿ ಹುಡುಕಲು ಬರುವುದಿಲ್ಲ ಎಂದು ಬೇಸರಪಟ್ಟವರಲ್ಲಿ ಹೆಚ್ಚಿನವರು ಈ ಒಂದು ಆಯ್ಕೆಯನ್ನು ನೋಡಿರುವುದಿಲ್ಲ.

ಬಾಲ ಕತ್ತರಿಸುವುದಕ್ಕೂ ಮಿತಿಯಿದೆ. "ಕುರಿ" ಎಂದು ಹುಡುಕಿದರೆ ಕುರಿಗಳ ಜೊತೆ "ಕುರಿತು" ಎಂಬ ಪದವಿರುವ ವಚನಗಳೆಲ್ಲ ಹಿಂಡುಹಿಂಡಾಗಿ ಬರುತ್ತವೆ. "ಮರ" ಎಂದರೆ "ಮರಣ" ಬರುತ್ತದೆ, "ಮರಳು" ಬರುತ್ತದೆ. ಇನ್ನೂ ವಿಚಿತ್ರವಾದದ್ದು "ಹಣ". ಮೇಲೆ ಹೇಳಿದ ತುಂಡುಗಳ ಲೆಕ್ಕದಲ್ಲಿ "ಹಣ್ಣು" ಎಂಬ ಪದ ಹ, ಣ ಎಂದೇ ಶುರುವಾಗುತ್ತದೆ. ಹಲಂತ ಮತ್ತು ಎರಡನೆಯ ಣ ಆಮೇಲಿನವು. "ಹಣೆ"ಯೂ ಹಾಗೆಯೇ. ಹಣದ ಬಗ್ಗೆ ಯೇಸು ಏನು ಹೇಳಿದನೆಂದು ಹುಡುಕಲು ಹೊರಟವರಿಗೆ ಹಣ್ಣು ಕೊಡುವ ಮರಗಳೂ ಹಣೆಯ ಮೇಲಿನ ಗುರುತುಗಳೂ ಸಿಗುತ್ತವೆ. ಇಂಥ ಚಿಕ್ಕ ಪದಗಳಿಗೆ ಬಾಲವನ್ನು ಉಳಿಸಿಕೊಂಡು ಹಣವನ್ನು, ಹಣದ, ಹಣಕ್ಕೆ ಎಂದು ಒಂದೊಂದಾಗಿ ಹುಡುಕುವುದೇ ಲೇಸು. ಉದ್ದದ ಪದಕ್ಕೆ ಬಾಲ ಕತ್ತರಿಸಿ, ಚಿಕ್ಕ ಪದಕ್ಕೆ ಬಾಲ ಉಳಿಸಿ.

ಸಂಧಿ ಮಾಡುವ ತೊಂದರೆ ಇದಕ್ಕಿಂತ ಗಟ್ಟಿ. ಯೋಹಾನ 3:16ರಲ್ಲಿ "ಪ್ರೀತಿಯನ್ನಿಟ್ಟು" ಎಂದಿದೆ. ಪ್ರೀತಿಯನ್ನು, ಇಟ್ಟು ಎಂಬೆರಡು ಪದ ಸೇರಿ ನಡುವಿನ ಉಕಾರ ಲೋಪವಾಗಿದೆ. "ಪ್ರೀತಿಯನ್ನು" ಎಂದು ಹುಡುಕಿದರೆ ಕ್ರೈಸ್ತರೆಲ್ಲರ ಬಾಯಲ್ಲಿರುವ ಆ ವಚನವೇ ತಪ್ಪಿಹೋಗುತ್ತದೆ. "ಪ್ರೀತಿಯನ್ನ" ಎಂದರೆ ಸಿಗುತ್ತದೆ. ಲೋಪ ಸಂಧಿಗೆ ಹೀಗೆ ಪರಿಹಾರವಿದೆ. ಆದರೆ "ಕಣ್ಣೀರು" ಎಂಬಲ್ಲಿ ಎರಡನೆಯ ಪದದ ಮೊದಲ ಅಕ್ಷರವೇ ಬದಲಾಗಿದೆ. "ನೀರು" ಎಂದು ಎಷ್ಟು ಹುಡುಕಿದರೂ ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರು ಬಿಟ್ಟ ಯೋಹಾನ 11:35 ಬರುವುದಿಲ್ಲ. ಅಲ್ಲಿ ನೀರು ಎಂಬ ಅಕ್ಷರಗಳೇ ಇಲ್ಲ. ಸಮಾಸ ಪದವನ್ನು ಅದರ ಪೂರ್ಣ ರೂಪದಲ್ಲಿಯೇ ಕೇಳಬೇಕು.

ಕಣ್ಣಿಗೆ ಕಾಣದ ಅಡ್ಡಿಯೂ ಇದೆ. "ೋ" ಎಂಬ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. "ಮಿಷನ್‌ನಲ್ಲಿ" ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಾಣದ ಚಿಹ್ನೆಯೊಂದನ್ನು ಇಡುತ್ತಾರೆ. ಎಲ್ಲಿಂದಲೋ ನಕಲು ಮಾಡಿ ತಂದು ಅಂಟಿಸಿದ ಪದ ಸಿಗದಿದ್ದರೆ ಅದನ್ನು ಅಳಿಸಿ ನಿಮ್ಮ ಕೀಲಿಮಣೆಯಲ್ಲಿಯೇ ಮತ್ತೆ ಬರೆದು ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪ್ರಸಂಗದ ಟಿಪ್ಪಣಿಗಳಂತೂ ಯೂನಿಕೋಡ್‌ಗೆ ಪರಿವರ್ತಿಸದೆ ಇಲ್ಲಿ ಸಲ್ಲುವುದೇ ಇಲ್ಲ. ಇದೇ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ತಮ್ಮ ಕೊನೆಯ ವರ್ಷಗಳಲ್ಲಿ ಪಟ್ಟುಹಿಡಿದು ದುಡಿದರು. ಹಳ್ಳಿಯ ಹುಡುಗಿಯೊಬ್ಬಳು ಮೊಬೈಲ್‌ನಲ್ಲಿ ಕನ್ನಡದ ಒಂದು ಪದವನ್ನು ಬರೆದು ಸಾವಿರ ಪುಟಗಳಿಂದ ಒಂದು ಸಾಲನ್ನು ಹೊರತೆಗೆಯುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಪದವೇ ಅನುವಾದದಿಂದ ಅನುವಾದಕ್ಕೆ ಬದಲಾಗುವುದನ್ನೂ ಮರೆಯಬಾರದು. ಒಂದರಲ್ಲಿ ಕುರುಬ, ಇನ್ನೊಂದರಲ್ಲಿ ಕುರಿಗಾಹಿ. ಒಂದರಲ್ಲಿ ಯೆಹೋವ, ಇನ್ನೊಂದರಲ್ಲಿ ಸರ್ವೇಶ್ವರ. ಹುಡುಕುವ ಮುನ್ನ ಯಾವ ಅನುವಾದ ತೆರೆದಿದೆ ಎಂದು ಮೇಲ್ತುದಿಯಲ್ಲಿ ನೋಡಿಕೊಳ್ಳಿ. ಕೇಳಿಸಿಕೊಂಡ ಅನುವಾದ, ಹುಡುಕುವ ಅನುವಾದ ಎರಡೂ ಒಂದೇ ಆಗಿರಬೇಕು.

ನಂಟಿನಿಂದ ಹೋಗುವುದು

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಪ್ರಿಯ. ವಚನದ ಪಕ್ಕದಲ್ಲಿ ಸಣ್ಣ ಅಕ್ಷರವೋ ಚುಕ್ಕೆಯೋ ಇರುತ್ತದೆ. ಒತ್ತಿದರೆ ಸಂಬಂಧಪಟ್ಟ ವಚನಗಳ ಪಟ್ಟಿ. ಮತ್ತಾಯ 4:4ರಲ್ಲಿ ಮನುಷ್ಯನು ರೊಟ್ಟಿ ತಿಂದ ಮಾತ್ರದಿಂದ ಬದುಕುವುದಿಲ್ಲ ಎಂದು ಯೇಸು ಸೈತಾನನಿಗೆ ಉತ್ತರ ಕೊಡುತ್ತಾನೆ. ಪಕ್ಕದ ಗುರುತು ಧರ್ಮೋಪದೇಶಕಾಂಡ 8:3ಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಅರಣ್ಯದಲ್ಲಿ 40 ವರ್ಷ ನಡೆದ ಜನ, ಅವರ ಹಸಿವು, ಅವರಿಗೆ ಸಿಕ್ಕ ಮನ್ನ ಎಂಬ ಆಹಾರ. 40 ದಿನ ಉಪವಾಸವಿದ್ದವನು ಯಾಕೆ ಆ ಪುಟದಿಂದಲೇ ಮಾತು ತೆಗೆದನೆಂದು ತಾನಾಗಿ ತಿಳಿಯುತ್ತದೆ. ಮಾರ್ಕ 1:2-3 ಇನ್ನೂ ಸ್ವಾರಸ್ಯ: ಯೆಶಾಯನ ಹೆಸರಿನಲ್ಲಿ ಶುರುವಾಗುವ ಆ ಉಲ್ಲೇಖದ ಮೊದಲ ಭಾಗ ಮಲಾಕಿಯ 3:1ರಲ್ಲಿದೆ, ಎರಡನೆಯ ಭಾಗ ಯೆಶಾಯ 40:3ರಲ್ಲಿ. ಗುರುತುಗಳನ್ನು ಒತ್ತದವರಿಗೆ ಇದು ಕಾಣುವುದೇ ಇಲ್ಲ.

ಮೂಲಭಾಷೆಯ ಪದವನ್ನು ಹಿಡಿದು ಹೋಗುವುದೂ ಇದೇ ದಾರಿಯ ಕವಲು. 1890ರಲ್ಲಿ ಪ್ರಕಟವಾದ ಪದಸೂಚಿಯಲ್ಲಿ ಜೇಮ್ಸ್ ಸ್ಟ್ರಾಂಗ್ ಹೀಬ್ರೂ ಮತ್ತು ಗ್ರೀಕ್ ಪದಗಳಿಗೆ ಒಂದೊಂದು ಸಂಖ್ಯೆ ಕೊಟ್ಟರು. ಇಂದಿಗೂ ತಂತ್ರಾಂಶಗಳು ಅದೇ ಸಂಖ್ಯೆಗಳನ್ನು ಬಳಸುತ್ತವೆ. ಹೀಬ್ರೂವಿನ "ಹೆಸೆದ್" ಎಂಬ ಪದದ ಸಂಖ್ಯೆ 2617. ಕನ್ನಡದಲ್ಲಿ ಅದು ಒಂದು ಕಡೆ ಕೃಪೆ, ಒಂದು ಕಡೆ ದಯೆ, ಒಂದು ಕಡೆ ಪ್ರೀತಿ. ಕನ್ನಡದ ಪದವನ್ನು ಹುಡುಕಿದರೆ ಕೆಲವೇ ಸಿಗುತ್ತವೆ, ಸಂಖ್ಯೆಯನ್ನು ಹುಡುಕಿದರೆ ಎಲ್ಲವೂ ಸಿಗುತ್ತವೆ. ಇದಕ್ಕೆ ಇ-ಸ್ವೋರ್ಡ್‌ನಂಥ ತಂತ್ರಾಂಶದಲ್ಲಿ ಸಂಖ್ಯೆಗಳಿರುವ ಇಂಗ್ಲಿಷ್ ಆವೃತ್ತಿಯನ್ನು ಕನ್ನಡದ ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಸಾಕು. ಇಂಗ್ಲಿಷಿನಲ್ಲಿ ಹುಡುಕಿ ಕನ್ನಡದಲ್ಲಿ ಓದಬಹುದು.

ಹೀಗೆ ಗುರುತಿನಿಂದ ಗುರುತಿಗೆ ಹೋಗುತ್ತ ಐದಾರು ಜಿಗಿತವಾದ ಮೇಲೆ ಎಲ್ಲಿಂದ ಹೊರಟೆವೆಂಬುದು ಮರೆತುಹೋಗುತ್ತದೆ. ಹಿಂದಕ್ಕೆ ಹೋಗುವ ಬಾಣದ ಗುರುತು, ಓದಿದ ಜಾಗಗಳ ಇತಿಹಾಸ, ಇವೆರಡೂ ಎಲ್ಲಿವೆಯೆಂದು ಮೊದಲೇ ನೋಡಿಟ್ಟುಕೊಳ್ಳಿ. ಚಾರ್ಮಾಡಿಯ ಕಡೆಗೋ ಶಿರಾಡಿಯ ಕಡೆಗೋ ಹೋಗುವವರು ಅನುವಾದವನ್ನು ಮನೆಯಲ್ಲಿಯೇ ಡೌನ್‌ಲೋಡ್ ಮಾಡಿಕೊಳ್ಳಬೇಕು. ಘಾಟಿಯಲ್ಲಿ ಸಿಗ್ನಲ್ ಸಿಗದಿದ್ದರೆ ಇಂಟರ್ನೆಟ್ಟನ್ನೇ ನಂಬಿದ ಆ್ಯಪ್‌ನಲ್ಲಿ ಒಂದು ವಚನವೂ ತೆರೆಯುವುದಿಲ್ಲ.

ಯಾವ ದಾರಿಯಿಂದ ಬಂದರೂ, ತಲುಪಿದ ಮೇಲೆ ನಾನು ಬಿಡದೆ ಮಾಡುವ ಕೆಲಸ ಒಂದಿದೆ. ಪರದೆಯನ್ನು ಕೆಳಗೆ ಎಳೆದು ಮೇಲಿನ ವಚನಗಳನ್ನು ನೋಡುತ್ತೇನೆ. ಹುಡುಕಾಟದ ಫಲಿತಾಂಶ ಒಂದು ವಚನವನ್ನು ಅದರ ನೆರೆಹೊರೆಯಿಂದ ಕಿತ್ತು ತಂದು ಕೈಯಲ್ಲಿಡುತ್ತದೆ. ಅಧ್ಯಾಯದ ಗೆರೆಗಳೂ ಎಲ್ಲ ಕಡೆ ಸರಿಯಾದ ಜಾಗದಲ್ಲಿಲ್ಲ. ಯೆಶಾಯ 53ನೆಯ ಅಧ್ಯಾಯದ ನೊಂದ ಸೇವಕನ ಹಾಡು ನಿಜವಾಗಿ ಶುರುವಾಗುವುದು 52:13ರಲ್ಲಿ. 1 ಕೊರಿಂಥದವರಿಗೆ 11:1 ಹಿಂದಿನ ಅಧ್ಯಾಯದ ಕೊನೆಯ ಮಾತು. 53 ಎಂದು ಒತ್ತಿ ಅಲ್ಲಿಂದಲೇ ಓದಿದವರು ಹಾಡಿನ ಮೊದಲ ಮೂರು ವಚನಗಳನ್ನು ಬಾಗಿಲ ಹೊರಗೆ ಬಿಟ್ಟು ಬಂದಿರುತ್ತಾರೆ.

ಆ ಸಂಜೆ ಲೈನ್ ಮನೆಯಲ್ಲಿ ಕೊನೆಗೆ "ಹದ್ದ" ಮತ್ತು "ರೆಕ್ಕೆ" ಎಂಬ ಎರಡು ಪದಗಳನ್ನು ಒಟ್ಟಿಗೆ ಬರೆದೆ. ಎರಡೂ ಇರುವ ವಚನಗಳು ಮಾತ್ರ ಬಂದವು. ವಿಮೋಚನಕಾಂಡ 19:4, ಐಗುಪ್ತದಿಂದ ಜನರನ್ನು ಹದ್ದು ತನ್ನ ಮರಿಗಳನ್ನು ಹೊರುವಂತೆ ಹೊತ್ತು ತಂದ ಮಾತು. ಓದಿದೆ, ಆಕೆ ತಲೆಯಾಡಿಸಿ ಇದಲ್ಲ ಎಂದರು. ಧರ್ಮೋಪದೇಶಕಾಂಡ 32:11, ಇದೂ ಅಲ್ಲ. ಆಮೇಲೆ ಯೆಶಾಯ 40:31. "ಓಡಿ ದಣಿಯರು, ನಡೆದು ಬಳಲರು" ಎಂದು ಓದುವಷ್ಟರಲ್ಲಿ ಆಕೆಯ ತುಟಿಗಳು ನನ್ನ ಜೊತೆ ಅಲುಗುತ್ತಿದ್ದವು.

ಪರದೆಯನ್ನು ಕೆಳಗೆ ಎಳೆದೆ. 27ನೆಯ ವಚನದಲ್ಲಿ, ನನ್ನ ದಾರಿ ದೇವರ ಕಣ್ಣಿಗೆ ಮರೆಯಾಗಿದೆ ಎಂದು ಕೊರಗುವ ಜನರೊಡನೆ ಪ್ರವಾದಿ ಮಾತನಾಡುತ್ತಿದ್ದಾನೆ. ಹದ್ದಿನ ಮಾತು ಆ ಕೊರಗಿಗೆ ಕೊಟ್ಟ ಉತ್ತರ. ಆಕೆಗೆ ಅದು ಹೊಸತಾಗಿತ್ತು. "ಅಲ್ಲಿಂದಲೇ ಓದಿ" ಎಂದರು. ಓದಿದೆ. ಹೊರಗೆ ಕಣದಲ್ಲಿ ಹರಡಿದ್ದ ಕಾಫಿಗೆ ಇಬ್ಬನಿ ಬೀಳದಂತೆ ಯಾರೋ ಟಾರ್ಪಾಲು ಹೊದಿಸುತ್ತಿದ್ದರು. ಮೊಬೈಲ್‌ನಲ್ಲಿ 27ರಿಂದ 31ರವರೆಗೆ ಗುರುತು ಹಾಕಿ, ಅದೇ ವಿಳಾಸವನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟೆ: ಯೆಶಾಯ 40:27-31. ಆಕೆ ಅದನ್ನು ನಾಲ್ಕಾಗಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು.